ಎಳೆದ ಅಲ್ಲ, ತಡೆದ

ಸುಳ್ಳು ಹೇಳುವ ಮೊದಲು ಅವನ ಎಡಗೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಕಿವಿಯ ಹಿಂದೆ ಒಂದು ಬಿಳಿ ಹೂ ಸಿಕ್ಕಿಸಿಕೊಂಡಿದ್ದ. ಅದು ಇದೆಯೋ ಬಿದ್ದಿದೆಯೋ ಎಂದು ನೋಡಿಕೊಳ್ಳುವವನಂತೆ ಮುಟ್ಟಿ, ಆಮೇಲೆ ಬಾಯಿ ತೆರೆಯುತ್ತಿದ್ದ. ಮೂವತ್ತು ವರ್ಷ ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು ನಾನು. "ಸೂಜಿ ಮನ್ಯಾಗ ಉಳೀತ್ರಿ ಅಕ್ಕೋರ" ಎನ್ನುವ ಹುಡುಗಿಯರ ಮುಖ ಓದಿ ಓದಿ ಪಳಗಿದ ಕಣ್ಣು. ಆ ದಿನ ಅವನು ಹೇಳಿದ ಸುಳ್ಳುಗಳನ್ನೆಲ್ಲ ಅಲ್ಲಲ್ಲೇ ಹಿಡಿದೆ. ಯಾಕೆ ಹೇಳುತ್ತಿದ್ದಾನೆ ಎಂಬುದು ಮಾತ್ರ ಹೊಳೆಯಲಿಲ್ಲ.

ಅವನು ಬಾಲಿ ದ್ವೀಪದಲ್ಲಿ ಪ್ರವಾಸಿಗಳ ಕಾರು ಓಡಿಸುತ್ತಿದ್ದವನು. ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗಳು, ಅಳಿಯ, ಹನ್ನೆರಡು ವರ್ಷದ ಮೊಮ್ಮಗಳು ಮತ್ತು ನಾನು ಅಮೆರಿಕದ ಯೂನಿಯನ್ ಸಿಟಿಯ ಮನೆಗೆ ಬೀಗ ಹಾಕಿ ಅಲ್ಲಿಗೆ ಹೋಗಿದ್ದೆವು. ನಾಲ್ಕು ದಿನ ಇವರು ಸಮುದ್ರದಲ್ಲಿ ಬಿದ್ದು ಎದ್ದು ಮಾಡಿದ್ದನ್ನು ನಾನು ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಸಹಿಸಿದ್ದೆ. ಕೊನೆಯ ದಿನ ನನ್ನದು, ಗುಡಿಗಳದ್ದು ಎಂದು ಮೊದಲೇ ಕರಾರಾಗಿತ್ತು. ಮಗಳು ಅಲ್ಲಿಯ ಒಂದು ಕಂಪನಿಯ ಮೂಲಕ ದಿನದ ಮಟ್ಟಿಗೆ ಕಾರು ಗೊತ್ತುಮಾಡಿದಳು. ಕಾರಿನ ಜೊತೆ ಅವನು ಬಂದ.

ಅವನ ಹೆಸರು ಬರೆಯುವುದಿಲ್ಲ. ಬರೆದರೂ ಗುರುತು ಹತ್ತುವುದಿಲ್ಲ. ಅಲ್ಲಿ ಹುಟ್ಟಿದ ಸರದಿಯಂತೆ ಹೆಸರಿಡುತ್ತಾರಂತೆ, ಇರುವುದು ನಾಲ್ಕೇ ಹೆಸರು. ಅವನ ಹೆಸರಿಗೆ ಮೂರನೆಯವ ಎಂದಷ್ಟೇ ಅರ್ಥ. ಬಜಾರದಲ್ಲಿ ನಿಂತು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ.

"ಐದನೇದು ಹುಟ್ಟಿದ್ರ ಏನ್ ಹೆಸರಿಡ್ತೀರೋ ತಮ್ಮಾ?" ಎಂದು ಕೇಳಿದೆ.

"ಮತ್ತೆ ಒಂದರಿಂದ ಶುರು, ಇಬು" ಎಂದ. ಇಬು ಎಂದರೆ ಅವರಲ್ಲಿ ಅಮ್ಮ.

ನನ್ನದೂ ಒಡಕು ಇಂಗ್ಲಿಷು, ಅವನದೂ ಒಡಕು ಇಂಗ್ಲಿಷು. ಅದಕ್ಕೇ ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು; ನಡುವೆ ಮಗಳು ಬಾಯಿ ಹಾಕಿದರೆ ಗೊಂದಲ. ಅವನ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ನಲವತ್ತರ ಆಸುಪಾಸಿನ ಸಣ್ಣ ಆಳು. ತಲೆಗೆ ಬಿಳಿ ವಸ್ತ್ರ, ಹಣೆಯ ಮೇಲೆ ಅದರ ಗಂಟು, ಗಂಟಿನ ಕೆಳಗೆ ನಾಲ್ಕು ಅಕ್ಕಿಕಾಳು ಅಂಟಿಸಿಕೊಂಡಿದ್ದ. ಚಪ್ಪಲಿ ಕಳಚಿ ಸೀಟಿನ ಕೆಳಗಿಟ್ಟು ಬರಿಗಾಲಲ್ಲಿ ಕಾರು ಓಡಿಸುತ್ತಿದ್ದ. ಸ್ಟೇರಿಂಗಿನ ಮುಂದೆ ತೆಂಗಿನಗರಿಯ ಪುಟ್ಟ ತಟ್ಟೆ. ಅದರಲ್ಲಿ ಹೂವು, ಒಂದು ಬಿಸ್ಕೀಟು. ಸೇತುವೆ ಬಂದಾಗ, ಆಲದ ಮರ ಬಂದಾಗ ಮೆಲ್ಲಗೆ ಎರಡು ಸಲ ಹಾರ್ನು ಒತ್ತುತ್ತಿದ್ದ. ಎದುರಿಗೆ ನರಪಿಳ್ಳೆಯೂ ಇರುತ್ತಿರಲಿಲ್ಲ.

"ಯಾರಿಗೋ ಹಾರ್ನು?"

"ಅಲ್ಲಿರುವವರಿಗೆ. ನಾವು ಹೋಗುತ್ತಿದ್ದೇವೆ ಎಂದು ಹೇಳಬೇಕಲ್ಲ."

ಮುಂದಿನ ಸೀಟಿನಲ್ಲಿ ಕೂತ ನನಗೆ ಇವನು ಬಹಳ ಹಿಡಿಸಿದ. ಇಲ್ಲಿ ಫ್ರೀವೇಯಲ್ಲಿ ನನ್ನ ಅಳಿಯ ಜೀವಂತ ಇರುವವರಿಗೂ ಸೂಚನೆ ಕೊಡದೆ ಲೇನು ಬದಲಿಸುತ್ತಾನೆ.

ಮೊದಲನೆಯ ಗುಡಿ ಬುಗ್ಗೆಯ ಗುಡಿ. ನೆಲದಿಂದ ನೀರು ಉಕ್ಕಿ ಕಲ್ಲಿನ ಬಾಯಿಗಳಿಂದ ಸುರಿಯುತ್ತದೆ, ಜನ ಅದರ ಕೆಳಗೆ ತಲೆ ಕೊಟ್ಟು ನಿಲ್ಲುತ್ತಾರೆ ಎಂದು ಮೊಮ್ಮಗಳು ಫೋನಿನಲ್ಲಿ ತೋರಿಸಿದ್ದಳು. ನಾನು ಒಂದು ಸೀರೆ ಹೆಚ್ಚಿಗೆ ತಂದಿದ್ದೆ. ಕಾರು ನಿಂತಿತು, ಇಳಿದೆವು, ಅಷ್ಟರಲ್ಲಿ ಮಗಳಿಗೆ ಫೋನು ಬಂತು. ಅವಳು ಮಾತಾಡುತ್ತ ಕಾರಿನ ಹಿಂದೆ ಹೋದಳು. ಅವನು ನೀರಿನ ಬಾಟಲಿ ಹಿಡಿದು ಅವಳ ಹಿಂದೆ ಹೋದ. ಬಹಳ ಹೊತ್ತು ಇಬ್ಬರೂ ಬರಲಿಲ್ಲ. ಬಂದಾಗ ಮಗಳ ಮೂಗು ಕೆಂಪಾಗಿತ್ತು.

"ಅಲರ್ಜಿ ಅಮ್ಮಾ. ನಾ ಕಾರಿನ್ಯಾಗ ಕೂಡ್ತೀನಿ. ತಲಿ ನೋಯ್ತದ."

ಅವನ ಕೈ ಕಿವಿಗೆ ಹೋಯಿತು. "ಒಳಗೆ ತುಂಬಾ ಜಾರುತ್ತದೆ, ಇಬು. ಇಬು ಇಲ್ಲೇ ಕೂರುವುದು ಒಳ್ಳೆಯದು."

"ಜಾರಿದ್ರ ನೀ ಹಿಡಕೋ."

"ತುಂಬಾ ಜಾರುತ್ತದೆ, ಇಬು."

ನನಗಿಂತ ಹತ್ತು ವರ್ಷ ದೊಡ್ಡವಳಂತೆ ಕಾಣುವ ಒಬ್ಬ ಬಿಳಿಯ ಹೆಂಗಸು ಕೋಲೂರಿಕೊಂಡು ಒದ್ದೆಯಾಗಿ ಹೊರಗೆ ಬರುತ್ತಿದ್ದಳು. ನಾನು ಅವಳನ್ನು ತೋರಿಸಿದೆ. ಅವನು ಅವಳನ್ನು ನೋಡಿದ, ಹೂ ಮುಟ್ಟಿಕೊಂಡ, ಅವಳ ಕಾಲು ಗಟ್ಟಿ ಎಂದ. ಅಳಿಯ ಮತ್ತು ಮೊಮ್ಮಗಳು ಒಳಗೆ ಹೋದರು. ಮಗಳೂ "ಬ್ಯಾಡ ಬಿಡ್ರಿ ಅಮ್ಮಾ" ಎಂದದ್ದರಿಂದ ನಾನು ಸುಮ್ಮನಾದೆ.

ಅಲ್ಲಿಂದ ಮುಂದೆ ಕಾರಿನಲ್ಲಿ ಹಾಡೂ ಇಲ್ಲ. ಬೆಳಿಗ್ಗೆ ಚೆನ್ನಾಗಿ ಹಾಡುತ್ತಿದ್ದ ರೇಡಿಯೋ ಕೆಟ್ಟಿದೆ ಎಂದ. ಇದು ಇನ್ನೊಂದು ಸುಳ್ಳು.

ಎರಡನೆಯದು ಗುಹೆಯೊಳಗಿನ ಗುಡಿ. ಹೊರಗೆ ಇಂಗ್ಲಿಷಿನಲ್ಲಿ ಫಲಕ ಹಾಕಿದ್ದರು. ಕನ್ನಡಕ ಏರಿಸಿ ಮೊದಲ ಸಾಲು ಓದಿದೆ: ಮುಟ್ಟಾದ ಹೆಂಗಸರು ಒಳಗೆ ಬರಬಾರದು.

"ಅವಗ ಹೇಳವಾ," ಎಂದೆ ಮಗಳಿಗೆ. "ನಿಮ್ಮವ್ವಂದು ನಿಂತು ಇಪ್ಪತ್ತು ವರ್ಷಾತಂತ."

ಮಗಳು ನಗಲಿಲ್ಲ. ಅದೇ ಫಲಕದಲ್ಲಿ ಇನ್ನೂ ಸಾಲುಗಳಿದ್ದವು. ನನ್ನ ಚೇಷ್ಟೆಗೆ ಮೊದಲನೆಯದೇ ಸಾಕಾಗಿತ್ತು, ಮುಂದೆ ಓದಲಿಲ್ಲ. ಒಳಗೆ ಗಾಳಿ ಇಲ್ಲ, ವಯಸ್ಸಾದವರಿಗೆ ಉಸಿರು ಕಟ್ಟುತ್ತದೆ ಎಂದು ಅವನು ಹೇಳಿ ನನ್ನನ್ನು ಒಂದು ಮರದ ಕಟ್ಟೆಗೆ ಕರೆದೊಯ್ದ. ಎಳನೀರು ಕೆತ್ತಿಸಿ ತಂದ. ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿ, ಇಲ್ಲಿ ಬಾಗಿಲು, ಇಲ್ಲಿ ಗಣೇಶ, ಇಲ್ಲಿ ಮೂರು ಲಿಂಗ, ಕೆಂಪು ಕರಿ ಬಿಳಿ ಬಟ್ಟೆ ಸುತ್ತಿರುತ್ತಾರೆ ಎಂದು ತೋರಿಸಿದ. ಗುಡಿ ತೋರಿಸಲು ಬಂದವನು ಗುಡಿಯ ಹೊರಗೆ ಕೂಡಿಸಿ ಗುಡಿಯ ಚಿತ್ರ ತೋರಿಸುತ್ತಿದ್ದಾನಲ್ಲ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು.

ಸಿಟ್ಟು ಇಳಿಸಲೆಂದೋ ಏನೋ, "ಇಬು, ಮನೆಯಲ್ಲಿ ಯಾರ ಜೊತೆ ಇದ್ದಿರಿ? ಊರಲ್ಲಿ?" ಎಂದು ಕೇಳಿದ.

ಕೇಳಬಾರದಾಗಿತ್ತು, ನನ್ನನ್ನು ಮಾತಿಗೆ ಹಚ್ಚಿದರೆ ನಿಲ್ಲಿಸುವವರಿಲ್ಲ. ನನ್ನ ನೆಗೆಣ್ಣಿಯ ಕಥೆ ಶುರು ಮಾಡಿದೆ. ನೆಗೆಣ್ಣಿ ಎಂದರೆ ಮೈದುನನ ಹೆಂಡತಿ, ಬೆಂಗಳೂರಿನವರು ಓರಗಿತ್ತಿ ಅನ್ನುತ್ತಾರೆ. ಹುಬ್ಬಳ್ಳಿಯ ಮನೆಯಲ್ಲಿ ಅವಳೂ ನಾನೂ ಮೂವತ್ತೊಂದು ವರ್ಷ ಒಂದೇ ಒಲೆಯ ಮುಂದೆ ಇದ್ದವರು. ಅವಳು ಹಾಕಿಲ್ಲವೆಂದು ನಾನು, ನಾನು ಹಾಕಿಲ್ಲವೆಂದು ಅವಳು, ಸಾರಿಗೆ ಎರಡೆರಡು ಸಲ ಉಪ್ಪು ಹಾಕಿ, ಅಣ್ಣತಮ್ಮಂದಿರಿಬ್ಬರೂ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದದ್ದು. ಮಠಕ್ಕೆ ಭಜನೆಗೆ ಹೋಗುತ್ತೇವೆಂದು ಅತ್ತೆಗೆ ಹೇಳಿ ಮ್ಯಾಟಿನಿ ನೋಡಿ ಬಂದದ್ದು. ಬಾಗಿಲಲ್ಲಿ ಸಿನಿಮಾ ಹಾಡು ಗುನುಗಿ ಸಿಕ್ಕಿಬಿದ್ದದ್ದು ಅವಳು, ಬೈಸಿಕೊಂಡದ್ದು ನಾನು. ಅವನು ನಗುತ್ತಿದ್ದ. ನಗುತ್ತ ನಗುತ್ತ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡ. ನನ್ನ ಕಥೆಗೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾನಲ್ಲ ಎಂದು ಉಬ್ಬಿಹೋದೆ.

"ಅವರು ಹೇಗಿದ್ದಾರೆ, ಇಬು?" ಎಂದು ಕೇಳಿದ.

"ಆಕಿಗೇನ್ ಧಾಡಿ? ಗುಂಡಕಲ್ಲ ಇದ್ದಂಗ ಇದ್ದಾಳ. ನನ್ನ ಕಳಸೇ ಹೋಗಾಕಿ."

ಇದನ್ನು ಅವನಿಗೆ ತಿಳಿಯುವ ಹಾಗೆ ಕೈ ಬಾಯಿ ಮಾಡಿ ಹೇಳಿದೆ. ಅವನು ನಗಲಿಲ್ಲ. ಮಣ್ಣಿನ ಮೇಲೆ ತಾನೇ ಗೀಚಿದ್ದನ್ನು ಅಂಗೈಯಿಂದ ಅಳಿಸತೊಡಗಿದ.

ಮೂರನೆಯದು ಗುಡ್ಡದ ಮೇಲಿನ ದೊಡ್ಡ ಗುಡಿ. ಎತ್ತರದ ಗೋಪುರವನ್ನು ನಡುವೆ ಸೀಳಿ ಎರಡು ಕಡೆ ಸರಿಸಿಟ್ಟಂತೆ ಅದರ ಬಾಗಿಲು, ಆ ಸೀಳಿನಲ್ಲಿ ಆಕಾಶ. ಇವತ್ತು ವಿಶೇಷ ಪೂಜೆ, ಹೊರಗಿನವರಿಗೆ ಬಿಡುವುದಿಲ್ಲ ಎಂದ. ಹೇಳುತ್ತಿದ್ದಂತೆ ಅವನ ಬೆನ್ನ ಹಿಂದೆ ಎರಡು ಬಸ್ಸು ಜನ ಇಳಿದು ಒಳಗೆ ಹೋದರು. ನನ್ನ ಅಳಿಯ ಮತ್ತು ಮೊಮ್ಮಗಳೂ ಹೋದರು.

ಇನ್ನು ಸಾಕೆನಿಸಿತು. ಬಿ.ಪಿ. ಗುಳಿಗೆ ನುಂಗಬೇಕು, ನೀರು ತಾ ಎಂದು ಅವನನ್ನು ಅಂಗಡಿಗೆ ಅಟ್ಟಿದೆ. ಮಗಳು ಕಾರಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಒಳಗೆ ಹೋಗುವವರಿಗೆ ಬಾಗಿಲ ಬಳಿ ಒಬ್ಬ ಹೆಂಗಸು ಕೊಡುತ್ತಿದ್ದ ಹಳದಿ ನಡುಕಟ್ಟು ಇಸಿದುಕೊಂಡು ಸೀರೆಯ ಮೇಲೆ ಬಿಗಿದೆ. ಎಪ್ಪತ್ತೆರಡರಲ್ಲಿ ಕಳ್ಳಹೆಜ್ಜೆ ಇಡುವ ಸುಖ ಅನುಭವಿಸಿದವರಿಗೇ ಗೊತ್ತು. ಮೊಣಕಾಲಿನ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿದೆ. ಇನ್ನು ಎರಡೇ ಉಳಿದಿದ್ದವು.

ಹಿಂದಿನಿಂದ ಬರಿಗಾಲಿನ ಸದ್ದು ಕೇಳಿತು. ನನ್ನ ಮುಂಗೈ ಹಿಡಿದ.

ಹಿಡಿದದ್ದು ಒಂದು ಗಳಿಗೆ. ಕೂಡಲೇ ಬಿಟ್ಟು, ನನ್ನನ್ನು ಬಳಸಿ ಮುಂದಿನ ಮೆಟ್ಟಿಲಿಗೆ ಬಂದು ಎರಡೂ ತೋಳು ಚಾಚಿ ನಿಂತ. ಓಡಿ ಬಂದು ಏದುಸಿರು. ಕೆಳಗೆ ಅವನು ಬಿಸಾಡಿದ ಬಾಟಲಿ ಉರುಳುತ್ತಿತ್ತು.

"ದಯವಿಟ್ಟು, ಇಬು. ಇವತ್ತು ಬೇಡ."

"ಇವತ್ತಲ್ಲದ ಯಾವಾಗೋ? ನಾಳೆ ನನ್ನ ವಿಮಾನ ಅದ."

"ಇವತ್ತು ಬೇಡ, ಇಬು."

ಜನ ನಿಂತು ನೋಡುತ್ತಿದ್ದರು. ಶಾಲೆಯಲ್ಲಿ ಹುಡುಗಿಯರನ್ನು ಬಾಗಿಲಲ್ಲಿ ನಿಲ್ಲಿಸಿದವಳು ನಾನು, ನನ್ನನ್ನು ಯಾರೂ ನಿಲ್ಲಿಸಿರಲಿಲ್ಲ. ಇಳಿದು ಕಾರಿಗೆ ಹೋಗಿ ಈ ಸಲ ಹಿಂದಿನ ಸೀಟಿನಲ್ಲಿ ಕೂತೆ. "ಹೇಳೂದು ಗುಡಿ ತೋರಸ್ತೀನಂತ, ಮಾಡೂದು ದ್ವಾರಪಾಲಕನ ಕೆಲಸ" ಎಂದು ಅವನಿಗೆ ಕೇಳುವಂತೆಯೇ ಅಂದೆ. ಮಗಳು ಕಿಟಕಿಯ ಕಡೆ ಮುಖ ಮಾಡಿದಳು.

ಕೊನೆಯ ಗುಡಿ ಸಮುದ್ರದೊಳಗಿನ ಬಂಡೆಯ ಮೇಲೆ. ಅಲ್ಲಿ ಅವನ ಮುಖವೇ ಬೇರೆಯಾಗಿತ್ತು. ಕಾರಿನ ಬಾಗಿಲು ತೆರೆದು, ಕೈ ಕಿವಿಗೆ ಒಯ್ಯದೆ, "ಇಲ್ಲಿ ಪ್ರವಾಸಿಗಳು ಯಾರೂ ಒಳಗೆ ಹೋಗುವ ಹಾಗಿಲ್ಲ, ಇಬು. ಎಲ್ಲರೂ ದಂಡೆಯಿಂದಲೇ ನೋಡುವುದು" ಎಂದ. ಅದು ನಿಜವಾಗಿತ್ತು. ನಿಜ ಹೇಳುವ ಸಂದರ್ಭ ಸಿಕ್ಕಿದ್ದಕ್ಕೆ ಅವನಿಗಾದ ಸಮಾಧಾನ ನನಗೆ ಆಗ ಅಣಕದಂತೆ ಕಂಡಿತು. ನಾನು ಕಾರಿನಿಂದ ಇಳಿಯಲೇ ಇಲ್ಲ.

ಹೊಟೇಲಿನಲ್ಲಿ ನಮ್ಮನ್ನು ಇಳಿಸಿ ಎರಡೂ ಕೈ ಜೋಡಿಸಿದ. ನಾನು ಮೊಮ್ಮಗಳ ಭುಜ ಹಿಡಿದು ನಡೆದುಬಿಟ್ಟೆ.

ಈಗ ನನ್ನ ಕೆಲಸ ಹೇಳಬೇಕು. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ನನಗೆ ಆ ತಿಂಗಳಷ್ಟೇ ಕಲಿಸಿದ್ದಳು. ಅಲ್ಲಿಯವರೆಗೆ ನಾನು ಬರೆದದ್ದೆಲ್ಲ ಗುಂಪಿನಲ್ಲಿ ಶುಭೋದಯ, ಹೂವಿನ ಚಿತ್ರ. ಮಗಳು ಸ್ನಾನಕ್ಕೆ ಹೋದಾಗ ಮಂಚದ ಮೇಲೆ ಕೂತು, ಒಂದೇ ಬೆರಳಲ್ಲಿ, ಅರ್ಧ ಗಂಟೆ ಹಿಡಿದು ಬರೆದೆ. "ಈ ಡ್ರೈವರ್ ಸುಳ್ಳುಗಾರ. ಒಂದು ಗುಡಿಯ ಒಳಗೂ ಬಿಡಲಿಲ್ಲ. ಮೆಟ್ಟಿಲ ಮೇಲೆ ಎಲ್ಲರ ಮುಂದೆ ನನ್ನ ಕೈ ಹಿಡಿದು ಎಳೆದ." ಮೊಮ್ಮಗಳಿಂದ ಕಂಪನಿಯ ಪುಟ ತೆಗೆಸಿ ಅದರಲ್ಲಿ ಹಾಕಿಸಿದೆ. ಐದು ನಕ್ಷತ್ರದಲ್ಲಿ ಒಂದನ್ನು ನಾನೇ ಒತ್ತಿದೆ. ಫೋನು ಅದನ್ನು ತಾನೇ ಇಂಗ್ಲಿಷು ಮಾಡಿ ತೋರಿಸಿತು. ಹುಡುಗಿ ಓದಿ ನನ್ನ ಮುಖ ನೋಡಿದಳು.

"ಅಜ್ಜಿ, ಡಿಡ್ ಹಿ ರಿಯಲಿ ಪುಲ್ ಯು?"

"ಹಾಕು ನೀ."

ಎಳೆಯಲಿಲ್ಲ, ತಡೆದ. ಅದು ನನಗೆ ಬರೆಯುವಾಗಲೇ ಗೊತ್ತಿತ್ತು. ಕೈ ಹಿಡಿದು ಎಳೆದ ಎಂಬ ಮಾತು ನಮ್ಮ ಕಡೆ ಪೇಪರಿನಲ್ಲಿ ಎಂಥ ಸುದ್ದಿಗೆ ಬರುತ್ತದೆ ಎಂಬುದೂ ಗೊತ್ತಿತ್ತು. 'ನಿಲ್ಲಿಸಿದ' ಎಂದು ಬರೆಯಬೇಕೆಂದಿದ್ದೆ, ಒತ್ತಕ್ಷರ ಮೂಡಲಿಲ್ಲ ಎಂದು ಆಮೇಲೆ ಮಗಳ ಮುಂದೆ ನೆಪ ಹೇಳಿದೆ. ಮೇಲಿನ ಸಾಲಿನಲ್ಲಿ 'ಸುಳ್ಳುಗಾರ'ದ ಒತ್ತು ಮಾತ್ರ ಅಚ್ಚುಕಟ್ಟಾಗಿ ಮೂಡಿತ್ತು.

ಯೂನಿಯನ್ ಸಿಟಿಗೆ ಬಂದು ಸೂಟ್‌ಕೇಸುಗಳನ್ನು ಒಳಗೆ ಎಳೆದುಕೊಂಡ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು.

"ಅಮ್ಮಾ, ಕಾಕು ಹೋದ್ರು."

ಕಾಕು ಎಂದರೆ ಅವಳಿಗೆ ಚಿಕ್ಕಪ್ಪನ ಹೆಂಡತಿ, ನನ್ನ ನೆಗೆಣ್ಣಿ.

"ಎಲ್ಲಿಗೆ?" ಎಂದೆ ನಾನು.

ಅವಳು ಎಲ್ಲ ಹೇಳಿದಳು. ನಾವು ಗುಡಿಗಳಿಗೆ ಹೋದ ದಿನ, ಮೊದಲನೆಯ ಗುಡಿಯ ಮುಂದೆ ಬಂದ ಫೋನು ಅದೇ. ಬಾಲಿಯಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಪರದೇಶದ ಹೊಟೇಲಿನಲ್ಲಿ ನನಗೆ ಏನಾದರೂ ಆದರೆ ಎಂದು ಹೆದರಿ, ಮನೆ ಮುಟ್ಟುವವರೆಗೆ ಮುಚ್ಚಿಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ನಾನು ಕೇಳಿದ್ದು ಒಂದೇ. "ಅಂವಗ ಗೊತ್ತಿತ್ತೇನು? ಡ್ರೈವರಗ?"

"ನಾ ಅಳ್ಳಿಕತ್ತಿದ್ದೆ, ಯಾಕಂತ ಕೇಳ್ದಾ. ಹೇಳ್ದೆ. ಅಮ್ಮಗ ಹೇಳಬ್ಯಾಡ ಅಂತ ಮಾತು ತಗೊಂಡೆ. ಹಂಗಿದ್ರ ಆ ಮನಿಯವ್ರು ನೀವಿಬ್ರೂ ಒಳಗ ಹೋಗೂದು ಬ್ಯಾಡ, ಸೂತಕ ಅದ, ಅಂದಾ. ಅವರೊಳಗೂ ಹಂಗ ಅದಂತ, ಫಲಕದಾಗೂ ಬರದಿತ್ತು. ನಾ ಅಂದೆ, ನಮ್ಮೊಳಗ ಕೇಳಿದ ಮ್ಯಾಲ ಸೂತಕ, ಅಮ್ಮ ಇನ್ನೂ ಕೇಳಿಲ್ಲ ಅಂತ."

"ಅದಕ್ಕೇನಂದಾ?"

"ಇಬು ಕೇಳಿಲ್ಲ, ಆದ್ರ ದೇವ್ರು ಕೇಳ್ಯಾನಲ್ಲ ಅಂದಾ."

ನಮ್ಮ ಲೆಕ್ಕದಲ್ಲಿ ಮಗಳು ಹೇಳಿದ್ದೇ ಸರಿ. ಸುದ್ದಿ ಕಿವಿಗೆ ಬೀಳುವವರೆಗೆ ದೋಷವಿಲ್ಲ. ನಾನು ಆ ಮೂರು ಗುಡಿಗೂ ಹೋಗಬಹುದಿತ್ತು. ಆದರೆ ಈಗ ಯೋಚಿಸಿದರೆ, ನನ್ನ ನೆಗೆಣ್ಣಿ ಹುಬ್ಬಳ್ಳಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದ ಆ ಹೊತ್ತಿನಲ್ಲಿ ನನ್ನ ಬದಲಿಗೆ ಸೂತಕ ಹಿಡಿದವನು ಅವನೊಬ್ಬ. ಕಾರಿನಲ್ಲಿ ಹಾಡು ನಿಲ್ಲಿಸಿದ. ಅವಳ ಮಾತನ್ನು ನನ್ನ ಬಾಯಿಂದ ಆಡಿಸಿ, ಕೂತು ಕೇಳಿ, ಅತ್ತ. ನಾನು ಎಳನೀರು ಕುಡಿದು ಗುಂಡಕಲ್ಲು ಎಂದೆ.

ವಿಮರ್ಶೆಯ ವಿಷಯ ಮಗಳಿಗೆ ಅವತ್ತೇ ಹೇಳಿದೆ. ಅವಳು ಓದಿದಳು, ಫೋನನ್ನು ನನ್ನ ಮಡಿಲಲ್ಲಿಟ್ಟಳು. ಅದರ ಕೆಳಗೆ ಕಂಪನಿಯವರ ಉತ್ತರ ಆಗಲೇ ಬಂದಿತ್ತು. ವಿಷಾದಿಸುತ್ತೇವೆ, ಅತಿಥಿಯ ಮೈಮುಟ್ಟುವುದನ್ನು ನಾವು ಸಹಿಸುವುದಿಲ್ಲ, ಆ ಚಾಲಕ ಇನ್ನು ನಮ್ಮಲ್ಲಿ ಇಲ್ಲ. ಉಳಿದ ಸೂತಕದ ದಿನಗಳಲ್ಲಿ ನಾನು ಮಾಡಿದ್ದು ಅದೊಂದೇ. ಹಳೆಯದನ್ನು ಅಳಿಸಿಸಿ ಹೊಸದು ಬರೆದೆ, ಐದು ನಕ್ಷತ್ರ ಒತ್ತಿದೆ. ಕಂಪನಿಗೆ ಪತ್ರ ಬರೆದೆ. ಅವನು ಎಳೆಯಲಿಲ್ಲ, ತಡೆದ, ತಡೆದದ್ದು ಸರಿಯಾಗಿತ್ತು ಎಂದು ಮೊಮ್ಮಗಳಿಂದ ಒಳ್ಳೆಯ ಇಂಗ್ಲಿಷಿನಲ್ಲಿ ಬರೆಸಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು. ಎರಡನೆಯ ಪತ್ರಕ್ಕೂ ಅದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ.

ಮಗಳ ಫೋನಿನಲ್ಲಿ ಅವನ ನಂಬರಿತ್ತು. ಹತ್ತು ದಿನ ಕಳೆದ ಮೇಲೆ, ನಮಗೆ ಸಂಜೆ, ಅವನಿಗೆ ಮರುದಿನದ ಬೆಳಿಗ್ಗೆ, ವಿಡಿಯೋ ಕಾಲು ಮಾಡಿದೆವು. ಕಲ್ಲು ಕೆತ್ತುವ ಅಣ್ಣನ ಅಂಗಳದಲ್ಲಿ ಇದ್ದ. ತಲೆಗೂದಲ ತುಂಬ ಬಿಳಿ ಪುಡಿ. ನಾನು ಮೊದಲು ಬೇರೆ ಯಾರೋ ಮುದುಕ ಎಂದುಕೊಂಡೆ.

"ಇಬು," ಎಂದ. "ಈಗ ಕೇಳಿದಿರಾ?"

"ಕೇಳ್ದೆ ತಮ್ಮಾ." ಫೋನನ್ನು ಮುಖಕ್ಕೆ ಹತ್ತಿರ ತಂದುಕೊಂಡು, "ನಾ ಬರದದ್ದು ತಪ್ಪು. ನಿನ್ನ ಕೆಲಸ ಕಳದೆ" ಎಂದೆ.

ಅವನು ಪುಡಿ ಕೊಡವಿಕೊಂಡ. ಕಂಪನಿಯವರು ಮರುದಿನ ಬೆಳಿಗ್ಗೆಯೇ ಕರೆಸಿದ್ದರಂತೆ. ಆ ಹೆಂಗಸಿನ ಕೈ ಹಿಡಿದೆಯಾ ಎಂದು ಕೇಳಿದರಂತೆ.

"ಏನಂದಿ?"

"ಹಿಡಿದೆ ಅಂದೆ. ಹಿಡಿದಿದ್ದೆನಲ್ಲ."

"ಯಾಕ ಹಿಡಿದೆ ಅಂತ ಹೇಳಬಾರದಾಗಿತ್ತೇನೋ?"

ಅವನು ನನ್ನನ್ನು ಬಿಟ್ಟು, ನನ್ನ ಪಕ್ಕ ಕೂತಿದ್ದ ಮಗಳನ್ನು ನೋಡಿದ. "ಹೇಳಿದರೆ ಅವರು ಹೌದೋ ಅಲ್ಲವೋ ಎಂದು ಇಬುಗೆ ಬರೆದು ಕೇಳುತ್ತಿದ್ದರು. ಇಬು ಇನ್ನೂ ವಿಮಾನ ಹತ್ತಿರಲಿಲ್ಲ. ಅಂಥ ಸುದ್ದಿ ಕಂಪನಿಯ ಪತ್ರದಲ್ಲಿ ತಿಳಿಯಬಾರದು."

ಮಗಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು.

"ಈಗ ಹೇಳಬಹುದಲ್ಲೋ ತಮ್ಮಾ. ಈಗ ನಾ ಕೇಳೇನಲ್ಲ."

"ಹೇಳಬಹುದು, ಇಬು," ಎಂದ. "ಆದರೆ ಈಗ ನನ್ನನ್ನು ಯಾರೂ ಕೇಳುವುದಿಲ್ಲ."